ದುಡ್ಡು ಎಲ್ಲಿ ಹೋಯ್ತು ಅಂತ ಕೇಳುವವರು ಬೇಕು

ಹಾಸನದ ಓದುಗರೊಬ್ಬರ ಪತ್ರ: "ಚೀನಾ ನೋಡಿ. ಅಲ್ಲಿ ಪತ್ರಿಕೆಗಳು ಬಾಯಿ ಮುಚ್ಚಿಕೊಂಡಿವೆ, ದೇಶ ಮುಂದೆ ಬಂದಿದೆ. ನಮ್ಮಲ್ಲಿ ಯಾವ ಆರ್ಥಿಕ ಸುಧಾರಣೆ ತಂದರೂ ಪತ್ರಿಕೆಯವರದೇ ಅಡ್ಡಗಾಲು."

ಸ್ವಾಮಿ, 1978ರಿಂದ ಈಚೆಗೆ ಚೀನಾ ಕೋಟ್ಯಂತರ ಜನರನ್ನು ಬಡತನದಿಂದ ಮೇಲೆತ್ತಿದೆ. ಒಪ್ಪಿದೆ. ಆದರೆ ಅಲ್ಲಿನ 2008ರ ಹಾಲಿನ ಪುಡಿಯ ಕಥೆಯನ್ನೂ ಓದಿ. ಪ್ರೋಟೀನ್ ಜಾಸ್ತಿ ತೋರಿಸಲು ಹಾಲಿಗೆ ಮೆಲಮೈನ್ ಎಂಬ, ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ರಾಸಾಯನಿಕ ಬೆರೆಸಿದ್ದರು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಕೂಸುಗಳು ಸತ್ತವು. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆಯೇ ಕೆಲವು ಪತ್ರಕರ್ತರಿಗೆ ಸುಳಿವು ಸಿಕ್ಕಿತ್ತು. ಅಚ್ಚು ಹಾಕುವ ಹಾಗಿರಲಿಲ್ಲ. ಶಾಂಘೈನ ವರದಿಗಾರರೊಬ್ಬರು ಕಂಪನಿಯ ಹೆಸರು ಹಿಡಿದು ಬರೆದಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ಎಷ್ಟು ತಾಯಂದಿರು ಅದೇ ಪುಡಿ ಕಲಸಿ ಕುಡಿಸಿದ್ದರೋ!

ಈಗ ನಮ್ಮಲ್ಲಿಗೆ ಬನ್ನಿ. 1991ರಲ್ಲಿ ಸುಧಾರಣೆ ಶುರುವಾಯಿತು, ಷೇರು ಪೇಟೆ ಏರಿದ್ದೇ ಏರಿದ್ದು. 1992ರ ಏಪ್ರಿಲ್‌ನಲ್ಲಿ ಸುಚೇತಾ ದಲಾಲ್ ಎಂಬ ವರದಿಗಾರ್ತಿ, ಸ್ಟೇಟ್ ಬ್ಯಾಂಕಿನ 500 ಕೋಟಿ ರೂಪಾಯಿ ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು ಬರೆದರು. ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಹೊರಬಿದ್ದದ್ದು ಹಾಗೆ. ಬ್ಯಾಂಕುಗಳ ಹಣ ದಲ್ಲಾಳಿಗಳ ಕೈಗೆ, ಅಲ್ಲಿಂದ ಷೇರಿಗೆ ಹೋಗುತ್ತಿತ್ತು. ಪೇಟೆ ಕುಸಿಯಿತು, ನಿಜ. ಸಣ್ಣ ಹೂಡಿಕೆದಾರರೂ ನೊಂದರು. ಆದರೆ ಆಮೇಲೆ ಸಂಸತ್ತಿನ ಜಂಟಿ ಸಮಿತಿಯ ತನಿಖೆ ನಡೆಯಿತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಕಂಪ್ಯೂಟರ್ ಪರದೆಯ ವಹಿವಾಟು ತಂದಿತು. 1996ರ ಕಾನೂನಿನಿಂದ ಡಿಮ್ಯಾಟ್, ಅಂದರೆ ಷೇರನ್ನು ಕಾಗದದ ಬದಲು ಕಂಪ್ಯೂಟರ್ ಖಾತೆಯಲ್ಲಿಡುವ ವ್ಯವಸ್ಥೆ, ಬಂತು. ಇವತ್ತು ಹಾಸನದಲ್ಲಿ ಕೂತು ನೀವು ಧೈರ್ಯವಾಗಿ ಷೇರು ಕೊಳ್ಳಬಹುದು, ಅಲ್ವಾ? ಆ ವರದಿ ಅಡ್ಡಗಾಲು ಹೇಗಾಯಿತು?

ಉಗಾಂಡಾದ ಉದಾಹರಣೆ ನನಗೆ ಬಹಳ ಇಷ್ಟ. 1990ರ ದಶಕದ ಮೊದಲಲ್ಲಿ ಅಲ್ಲಿನ ಶಾಲೆಗಳಿಗೆಂದು ಬಿಡುಗಡೆಯಾದ ಅನುದಾನದಲ್ಲಿ ಶಾಲೆ ಮುಟ್ಟುತ್ತಿದ್ದದ್ದು ಸರಾಸರಿ ಶೇ. 13 ಮಾತ್ರ. ಉಳಿದದ್ದು ಜಿಲ್ಲಾ ಕಚೇರಿಗಳಲ್ಲೇ ಕರಗುತ್ತಿತ್ತು. ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆ ಎಂದು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಲು ಶುರುಮಾಡಿತು. ಮೇಷ್ಟ್ರುಗಳು, ಪೋಷಕರು ಕೇಳತೊಡಗಿದರು. 2001ರ ಹೊತ್ತಿಗೆ ಶೇ. 80ಕ್ಕೂ ಜಾಸ್ತಿ ಶಾಲೆ ತಲುಪಿತು. ಬೇರೆ ಕಾರಣಗಳೂ ಇದ್ದವು. ಆದರೆ ಪತ್ರಿಕೆ ಸುಲಭವಾಗಿ ಸಿಗುವ ಕಡೆಯ ಶಾಲೆಗಳಿಗೇ ಹೆಚ್ಚು ಲಾಭವಾಯಿತು.

ನಿಮ್ಮ ಸಿಟ್ಟು ನಮ್ಮವರು ಮಾರಿಕೊಂಡ ಪುಟಗಳ ಮೇಲಿದ್ದರೆ ನಾನೂ ಜೊತೆಗಿದ್ದೇನೆ. 2009ರ ಚುನಾವಣೆಯಲ್ಲಿ ಕಾಸು ತಗೊಂಡು ಸುದ್ದಿ ಹಾಕಿದ್ದರ ಬಗ್ಗೆ ಪ್ರೆಸ್ ಕೌನ್ಸಿಲ್ಲೇ ವರದಿ ಮಾಡಿಸಿತು. ಸರ್ಕಾರಿ ಜಾಹೀರಾತು ನಿಂತರೆ ಸಂಬಳ ನಿಲ್ಲುವ ಕಚೇರಿಯಲ್ಲಿ ಕೂತವನು ಬಜೆಟ್ಟನ್ನು ಹೇಗೆ ಪ್ರಶ್ನಿಸಬೇಕು? ತಾಲ್ಲೂಕಿನ ವರದಿಗಾರನಿಗಂತೂ ಎಷ್ಟೋ ಕಡೆ ಸಂಬಳವೇ ಇಲ್ಲ. ಜಾಹೀರಾತು ತಂದರೆ ಕಮಿಷನ್ ಅಷ್ಟೇ. ಒಂದು ಕಾಫಿಗಿಂತ ಕಡಿಮೆ ಬೆಲೆಗೆ ಪತ್ರಿಕೆ ಬೇಕು ಎನ್ನುವ ಓದುಗರೂ ಇದರಲ್ಲಿ ಪಾಲುದಾರರು.

ನಿಮ್ಮೂರಿನ ಸರ್ಕಾರಿ ಶಾಲೆಗೆ ಈ ವರ್ಷ ಎಷ್ಟು ಅನುದಾನ ಬಂತು, ಎಲ್ಲಿ ಖರ್ಚಾಯಿತು ಎಂದು ಕೇಳಿ ನೋಡಿ. ಸಿಕ್ಕ ಲೆಕ್ಕ ಕಳಿಸಿ, ಅಚ್ಚು ಹಾಕುತ್ತೇನೆ.

— ಸಂ.