ಹಾಪ್ಸ್ ದೊರೆ ಎಜ್ರಾ ಮೀಕರ್ ಅವರನ್ನು ದಾನಿ ಎನ್ನಬಹುದೇ?

ಪ್ರಶ್ನೆ: ನಮ್ಮ ಬೆಳೆಗಾರರ ಸಭೆಯಲ್ಲಿ ಮಾತನಾಡಿದವರೊಬ್ಬರು, ಅಮೆರಿಕದ ಎಜ್ರಾ ಮೀಕರ್ ಎಂಬುವರು ಕಾಡು ಕಡಿದು, ಬಿಯರ್ ತಯಾರಿಕೆಗೆ ಬಳಸುವ ಹಾಪ್ಸ್ ಬಳ್ಳಿ ಬೆಳೆದು ಶ್ರೀಮಂತರಾದರು, ಊರಿಗೆ ಧಾರಾಳವಾಗಿ ಕೊಟ್ಟರು, ಕೊನೆಗೆ ಕೀಟದ ಹಾವಳಿಯಿಂದ ಎಲ್ಲವನ್ನೂ ಕಳೆದುಕೊಂಡರು ಎಂದು ತಿಳಿಸಿದರು. ಬೇರೆಯವರ ನೆಲದಲ್ಲಿ ಬೇರೂರಿ ಗಳಿಸಿದವರನ್ನು ದಾನಿ ಎಂದು ಕರೆಯುವುದು ಸರಿಯೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಮೀಕರ್ ಅವರ ದಾನದ ಲೆಕ್ಕಕ್ಕೆ ಮೊದಲು ಅವರು ಆ ನೆಲಕ್ಕೆ ಬಂದ ಬಗೆಯನ್ನು ನೋಡೋಣ. 1830ರಲ್ಲಿ ಒಹಾಯೊದಲ್ಲಿ ಹುಟ್ಟಿದ ಅವರು, ದಾರಿಯುದ್ದಕ್ಕೂ ಜನ ಕಾಲರಾದಿಂದ ಸಾಯುತ್ತಿದ್ದ 1852ರಲ್ಲಿ, ಹೆಂಡತಿ ಎಲೈಜಾ ಜೇನ್, ಎಳೆಗೂಸು ಮತ್ತು ಅಣ್ಣನೊಂದಿಗೆ ಅಯೋವಾದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಹೊರಟು, ಸುಮಾರು 2,000 ಮೈಲಿಯ ಆರೆಗನ್ ಹಾದಿಯನ್ನು ಸವೆಸಿ ಅಮೆರಿಕದ ಪಶ್ಚಿಮ ತುದಿಯನ್ನು ಮುಟ್ಟಿದರು. ವಲಸಿಗರಿಗೆ ಸರ್ಕಾರವೇ ಭೂಮಿ ಕೊಡುತ್ತಿತ್ತು. ಅಲ್ಲಿನ ಮೂಲನಿವಾಸಿಗಳನ್ನು 1854ರ ಒಪ್ಪಂದವೊಂದರ ಮೂಲಕ ಸಣ್ಣ ಮೀಸಲು ಪ್ರದೇಶಗಳಿಗೆ ಒತ್ತರಿಸಲಾಯಿತು. ಮರುವರ್ಷ ಯುದ್ಧವೇ ಆಯಿತು. ನಿಮ್ಮ ಆಕ್ಷೇಪಣೆಯಲ್ಲಿ ಸತ್ಯವಿದೆ, ಮುಂದೆ ಮಾಡಿದ ಯಾವ ದಾನವೂ ಅದನ್ನು ಅಳಿಸಲಾರದು ಎಂದೇ ನನ್ನ ಅಭಿಪ್ರಾಯ.

ಆದರೆ ಅದೇ ಯುದ್ಧದ ಬೆನ್ನಿಗೆ ನಡೆದ ಒಂದು ಸಂಗತಿಯನ್ನು ನಾನು ಅವರ ಎಲ್ಲ ಕೊಡುಗೆಗಳಿಗಿಂತ ಮೇಲಿನದೆಂದು ಎಣಿಸುತ್ತೇನೆ. ಅಲ್ಲಿನ ಮೂಲನಿವಾಸಿಗಳಾದ ನಿಸ್ಕ್ವಾಲಿ ಜನರ ನಾಯಕ ಲೆಶಾಯ್ ಅವರ ಮೇಲೆ, ವಲಸಿಗರ ಪಡೆಯ ಸೈನಿಕನೊಬ್ಬನನ್ನು ಕೊಂದರೆಂದು 1856ರಲ್ಲಿ ಕೊಲೆ ಮೊಕದ್ದಮೆ ಹೂಡಿದಾಗ, ಮೀಕರ್ ಹನ್ನೆರಡು ಮಂದಿ ಜ್ಯೂರಿ (ಅಪರಾಧಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಸದಸ್ಯರಲ್ಲಿ ಒಬ್ಬರಾಗಿದ್ದರು. ಹತ್ತು ಮಂದಿ ಅಪರಾಧಿ ಎಂದರು. ಮೀಕರ್ ಮತ್ತು ಇನ್ನೊಬ್ಬರು ಒಪ್ಪಲಿಲ್ಲ. ಇಪ್ಪತ್ತಾರು ತುಂಬದ, ಕೈಯಲ್ಲಿ ಹಣವಿಲ್ಲದ ಯುವಕ ತನ್ನವರ ಕೋಪವನ್ನು ಎದುರಿಸಿ ಹಾಗೆ ನಿಲ್ಲುವುದು ಸಣ್ಣ ಮಾತಲ್ಲ. ಆ ವಿಚಾರಣೆ ಒಮ್ಮತವಿಲ್ಲದ ಕಾರಣ ತೀರ್ಪಿಲ್ಲದೆ ಮುಗಿಯಿತಾದರೂ, ಎರಡನೆಯ ವಿಚಾರಣೆಯಲ್ಲಿ ಬೇರೆ ಜ್ಯೂರಿಯವರು ಅಪರಾಧಿಯೆಂದು ತೀರ್ಮಾನಿಸಿ, 1858ರ ಫೆಬ್ರುವರಿಯಲ್ಲಿ ಲೆಶಾಯ್ ಅವರನ್ನು ಗಲ್ಲಿಗೇರಿಸಲಾಯಿತು.

ಮುಂದೆ ಅಣ್ಣನೊಂದಿಗೆ ಅಂಗಡಿ ನಡೆಸುತ್ತಿದ್ದಾಗ, ಸರಕು ತರಲು ಹೋದ ಅಣ್ಣ ಹಡಗು ಮುಳುಗಿ ತೀರಿಕೊಂಡರು. 1862ರಲ್ಲಿ ಮೀಕರ್ ಈಗಿನ ವಾಷಿಂಗ್ಟನ್ ರಾಜ್ಯದ ಪ್ಯುಯಾಲಪ್ ಕಣಿವೆಗೆ ಬಂದು, 1865ರಿಂದ ಹಾಪ್ಸ್ ಬೆಳೆಯತೊಡಗಿದರು. ನಿಮ್ಮ ಕಡೆ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವಂತೆ ಅಲ್ಲಿ ಉದ್ದನೆಯ ಕಂಬಗಳಿಗೆ ಈ ಬಳ್ಳಿಯನ್ನು ಹಬ್ಬಿಸುತ್ತಿದ್ದರು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಅದರ ಹೂಗೊಂಚಲನ್ನು ಬಿಡಿಸಿ, ಬಿಸಿಗಾಳಿಯಲ್ಲಿ ಒಣಗಿಸಿ ಮಾರುತ್ತಿದ್ದರು. ಕೊಯ್ಲಿನ ಕಾಲಕ್ಕೆ ಮೂಲನಿವಾಸಿಗಳು ದೂರದ ಕರಾವಳಿಗಳಿಂದ ದೋಣಿಗಳಲ್ಲಿ ಸಂಸಾರ ಸಮೇತ ಬರುತ್ತಿದ್ದರು. 1882ರಲ್ಲಿ ಬೇರೆಡೆ ಬೆಳೆ ಕೈಕೊಟ್ಟು ಬೆಲೆ ಗಗನಕ್ಕೇರಿದಾಗ ಮೀಕರ್ ದೊಡ್ಡ ವ್ಯಾಪಾರಿಯಾದರು, ಲಂಡನ್ನಿಗೂ ಸರಕು ಕಳಿಸಿದರು, ಹಾಪ್ಸ್ ದೊರೆ ಎನಿಸಿಕೊಂಡರು.

1891ರಲ್ಲಿ ಹಾಪ್ಸ್ ಹೇನು ಬಂತು. ಎಲೆಯ ಅಡಿಯಲ್ಲಿ ಕುಳಿತು ರಸ ಹೀರುವ ಈ ಪುಟ್ಟ ಕೀಟ ಕೆಲವೇ ವರ್ಷಗಳಲ್ಲಿ ಕಣಿವೆಯ ಬೆಳೆಯನ್ನು ಕೆಡಿಸಿತು. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡಗಳನ್ನು ಬುಡಸಮೇತ ಕಿತ್ತು ಸುಟ್ಟಿರುವ ಚಿಕ್ಕಮಗಳೂರಿನವರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಮೀಕರ್ ಇತರ ಬೆಳೆಗಾರರಿಗೂ ಮುಂಗಡ ಹಣ ಕೊಟ್ಟಿದ್ದರಿಂದ, ಅವರು ತೀರಿಸಲಾಗದೆ ಹೋದಾಗ ಎಲ್ಲರ ನಷ್ಟವೂ ಇವರ ತಲೆಯ ಮೇಲೆ ಬಂತು. 1893ರ ಆರ್ಥಿಕ ಕುಸಿತ ಉಳಿದುದನ್ನೂ ಮುಗಿಸಿತು.

ಅಷ್ಟರಲ್ಲಾಗಲೇ ಅವರು ಊರಿಗೆ ಕೊಡಬೇಕಾದುದನ್ನು ಕೊಟ್ಟಾಗಿತ್ತು. ತಮ್ಮ ಜಮೀನಿನಲ್ಲೇ ಪ್ಯುಯಾಲಪ್ ಪಟ್ಟಣದ ನಕ್ಷೆ ಹಾಕಿಸಿ, 1890ರಲ್ಲಿ ಅದರ ಮೊದಲ ಮೇಯರ್ ಆದರು. ಮೊದಲು ವಾಸವಿದ್ದ ಮರದ ದಿಮ್ಮಿಯ ಗುಡಿಸಲಿನ ಜಾಗವನ್ನು ಉದ್ಯಾನಕ್ಕೆಂದು ಬಿಟ್ಟುಕೊಟ್ಟರು. ಅದು ಇಂದಿಗೂ ಊರಿನ ನಡುವೆ ಪಯನೀಯರ್ ಪಾರ್ಕ್ ಆಗಿ ಉಳಿದಿದೆ. ಊರಿನ ಹೆಸರು ಮಾತ್ರ ಅಲ್ಲಿನ ಮೂಲನಿವಾಸಿ ಜನರದು.

ಹಣ ಹೋದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಚಿನ್ನದ ಹುಡುಕಾಟಕ್ಕೆ ಜನ ನುಗ್ಗುತ್ತಿದ್ದ ಕೆನಡಾದ ಕ್ಲಾಂಡೈಕಿಗೆ ಹೋಗಿ ಒಣಗಿಸಿದ ತರಕಾರಿ ಮಾರಿದರು. ಅಲ್ಲೇ ಒಬ್ಬ ಮಗನನ್ನು ಕಳೆದುಕೊಂಡರು. 1906ರಲ್ಲಿ, ಎಪ್ಪತ್ತೈದು ತುಂಬಿದ ಮೇಲೆ, ಎರಡು ಎತ್ತುಗಳ ಗಾಡಿ ಹೂಡಿಕೊಂಡು ಅದೇ ಆರೆಗನ್ ಹಾದಿಯಲ್ಲಿ ಪೂರ್ವಕ್ಕೆ ಹೊರಟರು. ಊರೂರಿನವರನ್ನು ಒಪ್ಪಿಸಿ, ಅಳಿದುಹೋಗುತ್ತಿದ್ದ ದಾರಿಗೆ ಸ್ಮಾರಕಗಳನ್ನು ನಿಲ್ಲಿಸುವಂತೆ ಮಾಡಿದರು. 1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರನ್ನು ಕಂಡರು. 1924ರಲ್ಲಿ ಅದೇ ದಾರಿಯ ಮೇಲೆ ವಿಮಾನದಲ್ಲಿ ಹಾರಿದರು. 1928ರಲ್ಲಿ, ತೊಂಬತ್ತೆಂಟಕ್ಕೆ ಕೆಲವೇ ವಾರ ಉಳಿದಿರುವಾಗ ಸಿಯಾಟಲ್‌ನಲ್ಲಿ ತೀರಿಕೊಂಡರು.

ದಾನಿ ಎನ್ನಲು ನನಗೆ ಅಡ್ಡಿಯಿಲ್ಲ. ಆದರೆ ಸಭೆಯಲ್ಲಿ ಅವರ ಬಗ್ಗೆ ಮತ್ತೆ ಮಾತು ಬಂದಾಗ, ಉದ್ಯಾನದ ಜೊತೆಗೆ ಲೆಶಾಯ್ ಅವರ ಹೆಸರನ್ನೂ ದಯವಿಟ್ಟು ಹೇಳಿ. ಮೀಕರ್ 1905ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳ ಪುಸ್ತಕದಲ್ಲೂ ಆ ನಾಯಕನಿಗಾದ ಅನ್ಯಾಯವನ್ನು ವಿಸ್ತಾರವಾಗಿ ಬರೆದಿದ್ದರು. 2004ರಲ್ಲಿ ವಾಷಿಂಗ್ಟನ್ ರಾಜ್ಯದ ನ್ಯಾಯಮೂರ್ತಿಗಳು ಸೇರಿ ನಡೆಸಿದ ವಿಶೇಷ ವಿಚಾರಣೆಯು, ಯುದ್ಧಕಾಲದ ಸಾವಿಗೆ ಕೊಲೆಯ ಮೊಕದ್ದಮೆ ಹೂಡಬಾರದಿತ್ತೆಂದು ಹೇಳಿ ಲೆಶಾಯ್ ಅವರನ್ನು ಆರೋಪಮುಕ್ತಗೊಳಿಸಿತು.