ರೋಮಿನ ರಥ ಅಲ್ಲ, ಕಲ್ಲಿದ್ದಲಿನ ಗಾಡಿ

ಪತ್ರ: "ರೈಲು ಹಳಿಗಳ ನಡುವಿನ ಅಂತರ ರೋಮನ್ನರ ರಥದಿಂದ ಬಂತಂತೆ. ಎರಡು ಕುದುರೆಗಳ ಹಿಂಭಾಗದ ಅಗಲಕ್ಕೆ ಅಳೆದದ್ದಂತೆ. ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ?" – ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಆ ಮೆಸೇಜು ನನಗೂ ಮೂರು ಸಲ ಬಂದಿದೆ. ಕುದುರೆ ಇದ್ದದ್ದು ನಿಜ. ರೋಮನ್ನು ಸುಮ್ನೆ ಸೇರಿಸಿದ್ದಾರೆ.

ಇದು ಇಂಗ್ಲೆಂಡಿನ ನ್ಯೂಕ್ಯಾಸಲ್ ಸುತ್ತಲಿನ ಕಥೆ. ಅಲ್ಲಿನ ಗಣಿಗಳಿಂದ ನದಿ ದಡದ ಹಡಗಿಗೆ ಕಲ್ಲಿದ್ದಲು ಸಾಗಬೇಕಿತ್ತು. ಕೆಸರಿನಲ್ಲಿ ಗಾಡಿ ಹೂತುಹೋಗುತ್ತಿತ್ತು. ಅದಕ್ಕೇ ಮರದ ಹಳಿ ಹಾಸಿದರು, ರೈಲು ಎಂಜಿನ್ ಹುಟ್ಟುವುದಕ್ಕೆ ಸುಮಾರು 200 ವರ್ಷ ಮೊದಲೇ!

ಅದರ ಮೇಲೆ ಓಡಿದ್ದು ಚಾಲ್ಡ್ರನ್ ಗಾಡಿ. ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ಡಬ್ಬಿ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೇ: ಮೇಲೆ ಅಗಲ, ಕೆಳಗೆ ಕಿರಿದು. ತಳದಲ್ಲೊಂದು ಬಾಗಿಲು. ಅದನ್ನು ಬಿಚ್ಚಿದರೆ ಕಲ್ಲಿದ್ದಲು ದಬದಬ ಕೆಳಗೆ. ಒಂದು ಗಾಡಿಗೆ ಸುಮಾರು 2.7 ಟನ್ ಭಾರ, ಎಳೆಯಲು ಒಂದೇ ಕುದುರೆ. ಎರಡಲ್ಲ, ನೋಡಿ. ನದಿ ತಗ್ಗಿನಲ್ಲಿದ್ದುದರಿಂದ ಇಳಿಜಾರು ಬಂದಾಗ ಕುದುರೆಯನ್ನು ಬಿಚ್ಚಿ ಗಾಡಿಯ ಹಿಂದೆ ಕಟ್ಟುತ್ತಿದ್ದರು. ಚಕ್ರಕ್ಕೆ ಒತ್ತುವ ಉದ್ದನೆಯ ಮರದ ತುಂಡಿನ ಮೇಲೆ ಗಾಡಿಯವನು ಕೂತುಬಿಡುತ್ತಿದ್ದ. ಅವನ ಮೈಭಾರವೇ ಬ್ರೇಕು. ಮಳೆ ಬಂದು ಹಳಿ ಒದ್ದೆಯಾದ ದಿನ ಅವನ ಪಾಡು ನೀವೇ ಊಹಿಸಿ. ಈ ಗಾಡಿಗಳಿಗೆಂದೇ 1726ರ ಹೊತ್ತಿಗೆ ಕಟ್ಟಿದ ಕಾಸಿ ಆರ್ಚ್ ಎಂಬ ಕಲ್ಲಿನ ಸೇತುವೆ ಈಗಲೂ ಗಟ್ಟಿಯಾಗಿ ನಿಂತಿದೆ.

ಹಳಿಗಳ ನಡುವಿನ ಅಳತೆ ಮಾತ್ರ ಒಂದೊಂದು ಗಣಿಯದು ಒಂದೊಂದು. ವೈಲಂನಲ್ಲಿ 5 ಅಡಿ, ಹತ್ತಿರದ ಕಿಲ್ಲಿಂಗ್‌ವರ್ತ್‌ನಲ್ಲಿ 4 ಅಡಿ 8 ಇಂಚು. ರೋಮನ್ನರಿಂದ ಬಂದದ್ದಾದರೆ ಎಲ್ಲ ಕಡೆ ಒಂದೇ ಇರಬೇಕಿತ್ತು, ಅಲ್ವಾ? ಕಿಲ್ಲಿಂಗ್‌ವರ್ತ್ ಅಳತೆ ಗೆದ್ದದ್ದಕ್ಕೆ ಕಾರಣ, ರೈಲು ಎಂಜಿನಿಯರ್ ಜಾರ್ಜ್ ಸ್ಟೀಫನ್ಸನ್ ಅಲ್ಲಿ ಕೆಲಸಕ್ಕಿದ್ದ. 1814ರಲ್ಲಿ ಅಲ್ಲಿನ ಹಳಿಗೆ ಹೊಂದುವ ಎಂಜಿನ್ ಮಾಡಿದ. 1825ರಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲಿಗೂ ಕೈಗೆ ಪಳಗಿದ ಅಳತೆಯನ್ನೇ ಹಿಡಿದ. ಆಮೇಲೆ, ಚಕ್ರ ಬಿಗಿಯಾಗಿ ಉಜ್ಜದಿರಲಿ ಅಂತ ಅರ್ಧ ಇಂಚು ಸೇರಿತು.

ನಮ್ಮ ಬ್ರಾಡ್‌ಗೇಜ್ 5 ಅಡಿ 6 ಇಂಚು, ಅದರ ಕಥೆ ಬೇರೆ. ಆದರೆ ಬೆಂಗಳೂರಿನ ನಮ್ಮ ಮೆಟ್ರೋ ಓಡುವುದು 1435 ಮಿ.ಮೀ. ಹಳಿಯ ಮೇಲೆ, ಅಂದರೆ 4 ಅಡಿ ಎಂಟೂವರೆ ಇಂಚು. ಬೆಂಗಳೂರಿಗೆ ಬಂದಾಗ ಮೆಜೆಸ್ಟಿಕ್ ನಿಲ್ದಾಣದಲ್ಲಿ ಒಮ್ಮೆ ನೋಡಿ. ಹಳದಿ ಗೆರೆ ದಾಟಬೇಡಿ, ಅಷ್ಟೇ.