ಹಳೇ ಜೀಪಿಗೆ ಹೊಸ ವೈರಿಂಗ್: ಮಲೆನಾಡಿನ ಮಳೆಗೆ ಯಾವ ಕನೆಕ್ಟರ್ ತಡೆಯುತ್ತೆ?

ಹೊಸನಗರದ ಕಡೆ ಓಡಾಡುವ ಮಹೀಂದ್ರಾ 540 ಜೀಪು, ಹಳೇ ವೈರಿಂಗ್ ಪೂರ್ತಿ ಕಿತ್ತು ಹೊಸದು ಎಳೆಯುತ್ತಿದ್ದೀರಿ. ಎಲ್ಲಾ ಕಡೆ ವಾಟರ್‌ಪ್ರೂಫ್ ಕಪ್ಲರ್ (ಸಿಕ್ಕಿಸಿ ಬಿಚ್ಚುವ ಜೋಡಣೆ) ಬೇಕಾ, ಗುಂಡಿನಾಕಾರದ ಪಿನ್ನಿನ ಬುಲೆಟ್ ಕನೆಕ್ಟರ್ ಸಾಕಾ, ಇಲ್ಲಾ ಬೆಸುಗೆ ಹಾಕಿ ಮುಗಿಸೋದಾ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ನನ್ನದೂ ಅದೇ ಜೀಪು, ನಾಲ್ಕು ಮಳೆಗಾಲದ ಹಿಂದೆ ಇದೇ ಕೆಲಸ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಕೂತು ನಾನೇ ಮಾಡಿದೆ.

ಎಲ್ಲಾ ಕಡೆಗೂ ಒಂದೇ ಜಾತಿ ಬೇಡ. ಆ ಜಾಗಕ್ಕೆ ನೀರು ಬಡಿಯುತ್ತಾ, ಆ ವೈರಿನಲ್ಲಿ ಎಷ್ಟು ಆಂಪಿಯರ್ ಹರಿಯುತ್ತೆ, ಇವೆರಡು ನೋಡಿ ಆರಿಸಿ. ಯಾವುದೇ ಹಾಕಿದರೂ ಕ್ರಿಂಪ್, ಅಂದರೆ ಲೋಹದ ಪಿನ್ನನ್ನು ವೈರಿಗೆ ಒತ್ತಿ ಕೂರಿಸಿದ್ದು, ಸರಿ ಕೂರದಿದ್ದರೆ ಎರಡನೇ ಮಳೆಗಾಲ ದಾಟಲ್ಲ.

ನಾನೇ ಮಾಡುವುದಕ್ಕೂ ಮುಂಚೆ ಒಂದು ಗ್ಯಾರೇಜಿನಲ್ಲಿ ವೈರಿಂಗ್ ಮಾಡಿಸಿದ್ದೆ. ವೈರುಗಳನ್ನು ತಿರುಚಿ ಟೇಪ್ ಸುತ್ತಿದ್ದರು. ಆರಿದ್ರಾ ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ ಆಗುಂಬೆ ಘಾಟಿ ತಿರುವಿನಲ್ಲಿ ಎರಡೂ ಹೆಡ್‌ಲೈಟ್ ಒಟ್ಟಿಗೆ ಹೋದವು. ಪಕ್ಕದಲ್ಲಿ ಅಮ್ಮ ಇದ್ದರು. ಆ ಹೊತ್ತಿನ ಹೆದರಿಕೆ ಇನ್ನೂ ಮರೆತಿಲ್ಲ. ಬೆಳಿಗ್ಗೆ ಬಿಚ್ಚಿ ನೋಡಿದರೆ ಟೇಪಿನ ಅಂಟು ಕರಗಿ, ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಪುಡಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಆಗುಂಬೆ. ಅಲ್ಲಿ ಟೇಪಿನೊಳಗೆ ಹೊಕ್ಕ ನೀರು ಮತ್ತೆ ಆರುವುದೇ ಇಲ್ಲ.

ಡ್ಯಾಶ್‌ಬೋರ್ಡಿನ ಒಳಗೆ, ಫ್ಯೂಸ್ ಬಾಕ್ಸಿಗೆ, ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಲೋಡನ್ನು ಆನ್ ಮಾಡುವ ಸ್ವಿಚ್ಚು) 6.3 ಮಿಲಿಮೀಟರಿನ ಚಪ್ಪಟೆ ಲಗ್, ಅಂದರೆ ವೈರಿನ ತುದಿಗೆ ಕೂರಿಸುವ ಲೋಹದ ಪಟ್ಟಿ, ಧಾರಾಳ ಸಾಕು. ಅಲ್ಲಿ ದುಬಾರಿ ಕಪ್ಲರಿಗೆ ದುಡ್ಡು ಸುರಿಯಬೇಡಿ. ಬುಲೆಟ್ ಕನೆಕ್ಟರ್ ಹಳೇ ಗಾಡಿಗೆ ಚೆಂದ ಕಾಣುತ್ತೆ, ಆದರೆ ಅದರ ಪಿನ್ ಕೂರುವ ಕೊಳವೆ ಸಡಿಲವಾಗುತ್ತಾ ಹೋಗುತ್ತೆ, ನೀರನ್ನೂ ತಡೆಯಲ್ಲ. ಬೇಕೇಬೇಕು ಅಂದರೆ ಒಳಗಡೆ ಇಂಡಿಕೇಟರ್‌ನಂಥ ಸಣ್ಣ ಲೋಡಿಗೆ ಇಟ್ಟುಕೊಳ್ಳಿ.

ಗ್ರಿಲ್ ಹಿಂದೆ, ಹಿಂದಿನ ಲೈಟಿನ ಹತ್ತಿರ, ಚಕ್ರದ ಕೆಸರು ಎರಚುವ ಕಡೆ ಮಾತ್ರ ಸೀಲ್ ಇರುವ ಕಪ್ಲರ್ ಹಾಕಿ. ನಾನು ಹಾಕಿದ್ದು ಸೂಪರ್‌ಸೀಲ್ 1.5 ಅನ್ನುವ ಜಾತಿ. ಒಂದೊಂದು ವೈರಿಗೂ ಪುಟ್ಟ ರಬ್ಬರ್ ಸೀಲ್ ಬರುತ್ತೆ, ಪಿನ್ನಿಗೆ 14 ಆಂಪಿಯರ್‌ವರೆಗೆ ತಡೆಯುತ್ತೆ. 60/55 ವ್ಯಾಟಿನ (ಹೈ ಬೀಮಿಗೆ 60, ಲೋ ಬೀಮಿಗೆ 55) ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯೋದು ಹೆಚ್ಚೆಂದರೆ 5 ಆಂಪಿಯರ್, ಆರಾಮ. ಆ ರಬ್ಬರ್ ಸೀಲನ್ನು ಕ್ರಿಂಪ್ ಮಾಡುವ ಮುಂಚೆಯೇ ವೈರಿಗೆ ಪೋಣಿಸಬೇಕು, ಮರೆತರೆ ಪಿನ್ ಕತ್ತರಿಸಿ ಮೊದಲಿಂದ ಶುರು. ಖಾಲಿ ಉಳಿದ ತೂತಿಗೂ ಬಿರಡೆ ಹಾಕಿ, ಇಲ್ಲದಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತೆ.

ಬೆಸುಗೆ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸೀಸ ಎಳೆಗಳ ನಡುವೆ ಮೇಲಕ್ಕೆ ಏರಿ ಅಷ್ಟು ಉದ್ದ ವೈರು ಕಡ್ಡಿಯಂತೆ ಬಿಗಿಯಾಗುತ್ತೆ. ಡೀಸೆಲ್ ಎಂಜಿನ್ ನಡುಗುತ್ತೆ, ನಮ್ಮ ತೋಟದ ದಾರಿ ಕುಲುಕುತ್ತೆ, ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗುವ ಕಡೆ ಪಟ್ಟನೆ ತುಂಡಾಗುತ್ತೆ. ಕಟಿಂಗ್ ಪ್ಲೇಯರಿನಲ್ಲಿ ಅದುಮಿದ್ದೂ ಕ್ರಿಂಪ್ ಅಲ್ಲ. ಪೂರ್ತಿ ಒತ್ತುವ ತನಕ ಬಾಯಿ ಬಿಡದ ರಾಚೆಟ್ ಕ್ರಿಂಪರ್ ಕೊಳ್ಳಿ. ಕಪ್ಲರಿಗೆ ಇಡುವ ದುಡ್ಡು ಕಡಿಮೆಯಾದರೂ ಪರವಾಗಿಲ್ಲ, ಇದು ಬೇಕು. ಲಗ್‌ನಲ್ಲಿ ಎರಡು ಜೊತೆ ರೆಕ್ಕೆ ಇರುತ್ತೆ, ಒಂದು ತಾಮ್ರವನ್ನು ಹಿಡಿಯಬೇಕು, ಇನ್ನೊಂದು ಪ್ಲಾಸ್ಟಿಕ್ ಹೊದಿಕೆಯನ್ನು. ಪ್ರತಿಯೊಂದನ್ನೂ ಕೈಯಲ್ಲಿ ಜೋರಾಗಿ ಎಳೆದು ನೋಡಿ, ಕಿತ್ತು ಬಂದರೆ ಶೆಡ್ಡಿನಲ್ಲೇ ಬರಲಿ.

ಬ್ಯಾಟರಿ, ಸ್ಟಾರ್ಟರ್, ಅರ್ತ್ (ಗಾಡಿಯ ಮೈಗೆ ಕೂರುವ ಮೈನಸ್ ವೈರು) ಇವಕ್ಕೆ ಕಪ್ಲರಿನ ಮಾತೇ ಇಲ್ಲ, ದಪ್ಪ ರಿಂಗ್ ಲಗ್ ಮತ್ತು ನಟ್ಟು ಬೋಲ್ಟು. ಅರ್ತ್ ಕೂರುವ ಕಡೆ ಪೇಂಟ್ ಕೆರೆದು ಹೊಳೆಯುವ ಕಬ್ಬಿಣ ಕಾಣಬೇಕು, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಹೆಡ್‌ಲೈಟ್ ಲೋಡನ್ನು ಹಳೇ ಸ್ವಿಚ್ಚಿನ ಮೇಲೆ ಹೊರಿಸದೆ ರಿಲೇ ಹಾಕಿ. ಬಲ್ಬಿನ ಹಿಂದಿನ ಹೋಲ್ಡರ್ ಸೆರಾಮಿಕ್‌ನದೇ ಇರಲಿ, ಪ್ಲಾಸ್ಟಿಕ್ ಆದರೆ ಪಿನ್ ಸ್ವಲ್ಪ ಸಡಿಲವಾದರೂ ಬಿಸಿಗೆ ಕರಗುತ್ತೆ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಹೈ ಬೀಮ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಬಲ್ಬಿನ ಹೋಲ್ಡರಿನ ಹೈ ಬೀಮ್ ಪಿನ್ನಿಗೆ ಹಿಡಿಯಿರಿ. ಆಮೇಲೆ ಮೈನಸ್ಸಿನಿಂದ ಹೋಲ್ಡರಿನ ಅರ್ತ್ ಪಿನ್ನಿಗೂ ಹಾಗೇ ನೋಡಿ. ಮೀಟರ್ ತೋರಿಸುವುದು ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜನ್ನು. ಬಲ್ಬಿಗೆ ಹೋಗುವ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಹೆಚ್ಚುಕಡಿಮೆ ಮೂವತ್ತು ಪಾಲು ಹೋಗುತ್ತೆ. ನನ್ನ ಜೀಪಿನಲ್ಲಿ ಹಳೇ ವೈರಿಂಗ್ ಇದ್ದಾಗ ಎರಡೂ ಸೇರಿ ಒಂದೂವರೆ ವೋಲ್ಟ್ ಹತ್ತಿರ ತೋರಿಸುತ್ತಿತ್ತು, ಈಗ ಕಾಲು ವೋಲ್ಟಿಗಿಂತ ಕಡಿಮೆ. ನಿಮ್ಮದರಲ್ಲಿ ಎಷ್ಟು ಬರುತ್ತೆ ಅಂತ ಇಲ್ಲೇ ಬರೆಯಿರಿ. ಅರ್ಧ ವೋಲ್ಟ್ ದಾಟಿದರೆ ಯಾವ ಜೋಡಣೆಯಲ್ಲಿ ವೋಲ್ಟೇಜ್ ಸೋರುತ್ತಿದೆ ಅಂತ ಒಂದೊಂದಾಗಿ ಹುಡುಕೋಣ.